20 ಡಾಲರಿನ ಅಲಗು, 400 ಡಾಲರಿನ ಅಲಗು

ಸ್ವೀಡನ್ನಿನ ಮೋರಾ ಎಂಬ ಊರಿನಿಂದ ಬರುವ ‘ಕಂಪ್ಯಾನಿಯನ್’ ಚಾಕುವಿಗೆ ಅಮೆರಿಕದ ಅಂಗಡಿಗಳಲ್ಲಿ ಹೆಚ್ಚುಕಡಿಮೆ 20 ಡಾಲರ್. ಪ್ಲಾಸ್ಟಿಕ್ ಒರೆ, ರಬ್ಬರು ಹೊದಿಸಿದ ಹಿಡಿ, 4 ಇಂಚಿನ ಅಲಗು. ಅದೇ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಅಷ್ಟೇ ಉದ್ದದ ಇನ್ನೊಂದು ಚಾಕು 400 ಡಾಲರಿನ ಚೀಟಿ ಅಂಟಿಸಿಕೊಂಡು ಕೂತಿರುತ್ತದೆ. ಎರಡನ್ನೂ ಮಾರುವವರು ಹೇಳುವುದು ಒಂದೇ ಮಾತು: ಕಾಡಿನಲ್ಲಿ ದಾರಿ ತಪ್ಪಿದವನ ಪ್ರಾಣ ಉಳಿಸುವ ಚಾಕು ಇದು, ಸರ್ವೈವಲ್ ನೈಫ್. ನಡುವಿನ 380 ಡಾಲರ್ ಯಾವುದರ ಬೆಲೆ ಎಂಬ ಜಗಳ ಚಾಕುಪ್ರಿಯರಲ್ಲಿ ಬಹುಕಾಲದಿಂದ ನಡೆದಿದೆ. ‘ಪ್ರಾಣಕ್ಕಿಂತ ದುಡ್ಡು ದೊಡ್ಡದೇ?’ ಎನ್ನುವವರು ಒಂದು ಕಡೆ, ‘ಬರೀ ಹೆಸರಿಗೆ ದುಡ್ಡು ಸುರಿಯುತ್ತೀರಿ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಅರ್ಧ ಸರಿ. ದುಬಾರಿ ಅಲಗಿನಲ್ಲಿ ಗುಣ ಇರುವುದು ನಿಜ. ಆದರೆ ಕಷ್ಟಕ್ಕೆ ಸಿಕ್ಕವನಿಗೆ ಕೊರತೆ ಬೀಳುವುದು ಆ ಗುಣವಲ್ಲ.

ಮೊದಲು ಕೆಲಸ ಏನೆಂದು ನೋಡೋಣ. ಇಂಥ ಚಾಕು ಎಂದೊಡನೆ ಚಿರತೆಯ ಜೊತೆ ಕಾದಾಟ ಕಣ್ಣೆದುರು ಬರುವುದು ಸಿನಿಮಾದ ಕೃಪೆ. ಸಿಕ್ಕಿಬಿದ್ದವನು ನಿಜವಾಗಿ ಮಾಡುವುದು ಹಗ್ಗ ಕೊಯ್ಯುವುದು, ಬಟ್ಟೆ ಸೀಳುವುದು, ಗೂಡು ಕಟ್ಟಲು ಗಳು ಚೂಪು ಮಾಡುವುದು, ಒದ್ದೆ ಕಟ್ಟಿಗೆಯ ಹೊರಮೈ ಕೆತ್ತಿ ಒಳಗಿನ ಒಣ ತಿರುಳು ತೆಗೆಯುವುದು, ಆ ತಿರುಳನ್ನು ತೆಳ್ಳಗೆ ಹೆರೆದು ಬೆಂಕಿ ಹಿಡಿಸುವುದು, ಮೀನಿನ ಹೊಟ್ಟೆ ಬಗೆಯುವುದು. ಬಹುಪಾಲು ಅಡುಗೆಮನೆಯ ಚಾಕುವೂ ಮಾಡಬಲ್ಲ ಕೆಲಸವೇ. ಒಂದು ಮಾತ್ರ ಬೇರೆ: ಅಲಗನ್ನು ಕಟ್ಟಿಗೆಯ ತಲೆಯ ಮೇಲಿಟ್ಟು, ಅದರ ಬೆನ್ನಿಗೆ ಕೊರಡಿನಿಂದ ಬಡಿದು ಕಟ್ಟಿಗೆ ಸೀಳುವುದು. ಈ ಹವ್ಯಾಸಿಗಳ ಬಾಯಲ್ಲಿ ಅದು ‘ಬ್ಯಾಟನಿಂಗ್’. ಅಲಗು ದಪ್ಪಗಿರಬೇಕು, ಉಕ್ಕು ಹಿಡಿಯ ತುದಿಯವರೆಗೂ ಹೋಗಿರಬೇಕು ಎಂಬ ಬೇಡಿಕೆ ಹೆಚ್ಚಾಗಿ ಹುಟ್ಟಿದ್ದು ಈ ಬಡಿತದಿಂದ.

ಹಳೆಯ ಕಾಡುಗಾರರಿಗೆ ಈ ದಪ್ಪದ ಹುಚ್ಚು ಇರಲಿಲ್ಲ. ‘ನೆಸ್ಮಕ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅಮೆರಿಕದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ 1884ರಲ್ಲಿ ‘ವುಡ್‌ಕ್ರಾಫ್ಟ್’ ಪುಸ್ತಕ ತಂದ. ಅವನ ಸರಂಜಾಮು ಎರಡು ಬಾಯಿಯ ಪುಟ್ಟ ಕೊಡಲಿ, ತೆಳು ಅಲಗಿನ ಒರೆಚಾಕು, ಜೇಬಿಗೊಂದು ಮಡಚುವ ಚಾಕು. ಕಡಿಯುವುದು ಕೊಡಲಿಯ ಪಾಲು, ಕೊಯ್ಯುವುದು ಚಾಕುವಿನ ಪಾಲು. ಅಂಗಡಿಯಲ್ಲಿ ಸಿಗುತ್ತಿದ್ದ ದಪ್ಪ ಬೇಟೆಚಾಕುಗಳೆಂದರೆ ಅವನಿಗೆ ತಮಾಷೆಯ ವಸ್ತು. 1906ರಲ್ಲಿ ಹೊರೇಸ್ ಕೆಫಾರ್ಟ್ ಬರೆದ ಕ್ಯಾಂಪಿಂಗ್ ಪುಸ್ತಕದ ಚಾಕುವೂ ಆಡಂಬರವಿಲ್ಲದ, ತೆಳುವಾದ, ಅಂಗೈಗೆ ಒಪ್ಪುವ ಚಾಕುವೇ.

ಒಂದೇ ಅಲಗು ಎಲ್ಲ ಕೆಲಸ ಮಾಡಬೇಕೆಂಬ ಒತ್ತಾಯಕ್ಕೆ ಬಲ ಬಂದದ್ದು ಸೈನ್ಯದಿಂದ. ವಿಮಾನ ಬಿದ್ದು ಬದುಕುಳಿದ ಚಾಲಕನ ಸೊಂಟದಲ್ಲಿ ಕೊಡಲಿ ಇರುವುದಿಲ್ಲ. ಹಾಗಾಗಿ ಅಮೆರಿಕದ ವಾಯುಪಡೆಯ ಚಾಲಕರಿಗೆ 5 ಇಂಚಿನ, ಬೆನ್ನಿನ ಮೇಲೆ ಗರಗಸದ ಹಲ್ಲಿರುವ ಚಾಕು ಬಂತು. ಆ ಹಲ್ಲಿನಿಂದ ಮರ ಕೊಯ್ಯಲು ಹೋಗಿ ಬೈದುಕೊಳ್ಳುವವರು ಇಂದಿಗೂ ಇದ್ದಾರೆ. ಅದನ್ನು ಕೊಟ್ಟದ್ದೇ ಬಿದ್ದ ವಿಮಾನದ ಅಲ್ಯೂಮಿನಿಯಂ ತಗಡು ಹರಿದು ಹೊರಬರಲಿ ಎಂದು. ಮರಕ್ಕೆ ಅದು ಉಪಯೋಗಕ್ಕಿಲ್ಲ, ಮೇಲಾಗಿ ಬೆನ್ನಿಗೆ ಬಡಿಯಲೂ ಹೆಬ್ಬೆರಳು ಒತ್ತಲೂ ಅಡ್ಡಿ.

ಆಮೇಲೆ 1982ರಲ್ಲಿ ‘ಫಸ್ಟ್ ಬ್ಲಡ್’ ಸಿನಿಮಾ. ಸಿಲ್ವೆಸ್ಟರ್ ಸ್ಟಲೋನ್‌ನ ರ‍್ಯಾಂಬೋ ಹಿಡಿದಿದ್ದ ಚಾಕುವನ್ನು ರೂಪಿಸಿದವನು ಅರ್ಕಾನ್ಸಾಸ್‌ನ ಕುಶಲಕರ್ಮಿ ಜಿಮ್ಮಿ ಲೈಲ್. ಹಿಡಿ ಟೊಳ್ಳು, ಒಳಗೆ ಬೆಂಕಿಕಡ್ಡಿ, ಸೂಜಿದಾರ, ಗಾಳದ ದಾರ. ಲೈಲ್ ಕೈಯಿಂದ ಬಂದ ಚಾಕು ಕಸುಬುದಾರನದು. ಅದನ್ನು ನೋಡಿ ಜಗತ್ತಿನ ತುಂಬ ಹುಟ್ಟಿಕೊಂಡ ನಕಲುಗಳ ಕತೆ ಬೇರೆ. ಹಿಡಿ ಟೊಳ್ಳಾದರೆ ಅಲಗಿನ ಉಕ್ಕು ಹಿಡಿಯ ಬಾಯಲ್ಲೇ ನಿಲ್ಲಬೇಕು, ಒಂದು ಸಣ್ಣ ಬೋಲ್ಟು ಎರಡನ್ನೂ ಬಿಗಿಹಿಡಿಯಬೇಕು. ನಾಲ್ಕು ಏಟಿಗೆ ಅಲಗು ಒಂದು ಕಡೆ, ಹಿಡಿ ಒಂದು ಕಡೆ. ದಕ್ಷಿಣ ಆಫ್ರಿಕಾದ ಕ್ರಿಸ್ ರೀವ್ ಇದಕ್ಕೊಂದು ಉತ್ತರ ಕಂಡುಕೊಂಡ: ಒಂದೇ ಉಕ್ಕಿನ ದಿಂಡಿನಿಂದ ಅಲಗನ್ನೂ ಟೊಳ್ಳು ಹಿಡಿಯನ್ನೂ ಕೊರೆದು ತೆಗೆಯುವುದು. ಚೆಂದದ ಕೆಲಸ, ಗಟ್ಟಿ ಚಾಕು, ಬೆಲೆಯೂ ಗಟ್ಟಿ. ಆದರೆ ಗಿರಾಕಿ ಆ ಬೆಲೆ ತೆತ್ತದ್ದು ಸಿನಿಮಾ ಹುಟ್ಟುಹಾಕಿದ ಸಮಸ್ಯೆಯೊಂದರ ಪರಿಹಾರಕ್ಕೆ. ನಾಲ್ಕು ಬೆಂಕಿಕಡ್ಡಿ ಜೇಬಿನಲ್ಲೂ ಇರುತ್ತಿದ್ದವು.

ಗಾಳಿ ತಿರುಗಿಸಿದವರಲ್ಲಿ ಕೆನಡಾದ ಮೋರ್ಸ್ ಕೊಚಾನ್ಸ್ಕಿ ಮುಖ್ಯ. ಅಲ್ಬರ್ಟಾದ ಚಳಿಕಾಡಿನಲ್ಲಿ ದಶಕಗಳ ಕಾಲ ಕಲಿಸಿದ ಆತ 1980ರ ದಶಕದಲ್ಲಿ ಬುಶ್‌ಕ್ರಾಫ್ಟ್ ಬಗ್ಗೆ, ಅಂದರೆ ಕಾಡಿನಲ್ಲಿ ಬದುಕುವ ಕಸುಬಿನ ಬಗ್ಗೆ, ಬರೆದ ಪುಸ್ತಕ ಇಂದಿಗೂ ಈ ಹವ್ಯಾಸದವರ ಪಠ್ಯ. ಅದೇ ಮೋರಾ ಊರಿನ ಅಗ್ಗದ ಚಾಕು, ಒಂದು ಕೊರಡು, ಇಷ್ಟರಲ್ಲೇ ಕಟ್ಟಿಗೆ ಸೀಳಿ ತೋರಿಸುತ್ತಿದ್ದ. ಕಂಪ್ಯಾನಿಯನ್ನಿನ ಉಕ್ಕು ಹಿಡಿಯ ತುದಿ ಮುಟ್ಟುವುದಿಲ್ಲ, ಅಲಗಿನ ದಪ್ಪ ಬರೀ ಎರಡೂವರೆ ಮಿಲಿಮೀಟರ್. ಆದರೂ ಮಣಿಕಟ್ಟಿನ ಗಾತ್ರದ, ಗಂಟಿಲ್ಲದ ಕಟ್ಟಿಗೆಗೆ ಅದು ಸೋಲುವುದಿಲ್ಲ. ಗಂಟಿರುವ ಮೋಪಿಗೆ ಬಡಿದು ಮುರಿದುಕೊಂಡವರು ದೂರಬೇಕಾದದ್ದು ಮೋಪನ್ನು ಆರಿಸಿದ ಕಣ್ಣನ್ನು.

ಹಾಗೆಂದು ಬಡಿತ ಸಹಿಸುವ ಚಾಕುವಿಗೆ ನ್ಯಾಯವಾದ ಬೇಡಿಕೆಯೇ ಇಲ್ಲವೆಂದಲ್ಲ. ಸ್ವೀಡನ್ನಿನ ವಾಯುಪಡೆ 1995ರಲ್ಲಿ ತನ್ನ ಚಾಲಕರಿಗೆಂದು ಆರಿಸಿಕೊಂಡ ಫಾಲ್ಕ್‌ನೀವನ್ ಎಫ್1 ನಾಲ್ಕೂವರೆ ಮಿಲಿಮೀಟರ್ ದಪ್ಪದ್ದು. ಉಕ್ಕು ಹಿಡಿಯ ಹಿಂದಕ್ಕೂ ಹಾದು ಹೊರಗೆ ಇಣುಕುತ್ತದೆ. ಮೋರಾ ಕಂಪನಿಯೇ 2016ರಲ್ಲಿ ‘ಗಾರ್‌ಬರ್ಗ್’ ಎಂಬ ಪೂರ್ತಿ ಉಕ್ಕಿನ, 3.2 ಮಿಲಿಮೀಟರ್ ದಪ್ಪದ ಚಾಕು ತಂದಿತು. ಬೆಲೆ ಕಂಪ್ಯಾನಿಯನ್ನಿನ ಹಲವು ಪಟ್ಟು. ಅಗ್ಗದ ಚಾಕುವಿನಿಂದ ಹೆಸರು ಮಾಡಿದ ಮನೆಗೂ ಗಿರಾಕಿಯ ಅಂಜಿಕೆ ಮಾರುವ ಸರಕೆಂದು ಗೊತ್ತಾಗಿತ್ತು ಎಂದರೆ ಕುಹಕವಾದೀತು. ಆದರೆ ಗಾರ್‌ಬರ್ಗ್‌ನ ಬೆನ್ನು ಮಾತ್ರ ನಿಜಕ್ಕೂ ಉಪಯೋಗದ್ದು: ನೇರ ಮೂಲೆಯಾಗಿ ಮಸೆದಿರುವುದರಿಂದ ಬೆಂಕಿ ಎಬ್ಬಿಸುವ ಫೆರೋ ಕಡ್ಡಿಯನ್ನು ಗೀರಲು ಬಾಯಿ ಹಾಳುಮಾಡಿಕೊಳ್ಳಬೇಕಿಲ್ಲ.

ಇನ್ನು ಉಕ್ಕು. ಚಾಕುಪ್ರಿಯರ ಜಗಳವೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಅಲಗಿನಿಂದ ನಾವು ಕೇಳುವುದು ನಾಲ್ಕು: ಗಡಸಾಗಿರಬೇಕು, ಏಟಿಗೆ ಮುರಿಯಬಾರದು, ಬೇಗ ಸವೆಯಬಾರದು, ತುಕ್ಕು ಹಿಡಿಯಬಾರದು. ನಾಲ್ಕನ್ನೂ ತುಂಬಿ ಕೊಡುವ ಉಕ್ಕು ಇಲ್ಲ. ಗಡಸುತನ ಏರಿದಂತೆ ಅಲಗು ಏಟಿಗೆ ಬೇಗ ಚಕ್ಕೆ ಏಳುತ್ತದೆ. ಸವೆಯದಿರಲೆಂದು ಇಂಗಾಲ, ವೆನೇಡಿಯಂ ಸೇರಿಸಿದರೆ ಉಕ್ಕಿನೊಳಗೆ ಕಾರ್ಬೈಡ್ ಎಂಬ ಗಡಸು ಕಣಗಳು ಹುಟ್ಟುತ್ತವೆ. ಗಾರೆಯಲ್ಲಿ ಜಲ್ಲಿ ಇದ್ದಂತೆ ಅವು ಸವೆತ ತಡೆಯುತ್ತವೆ, ಬಿರುಕು ಹುಟ್ಟುವುದೂ ಅವುಗಳ ಅಂಚಿನಲ್ಲೇ. ತುಕ್ಕು ತಡೆಯಲು ಬೇಕಾದ ಕ್ರೋಮಿಯಂ ಕೂಡ ಇಂಗಾಲವನ್ನು ಎಳೆದುಕೊಂಡು ತನ್ನದೇ ಕಾರ್ಬೈಡ್ ಕಟ್ಟಿಕೊಳ್ಳುತ್ತದೆ.

ಅಮೆರಿಕದ ಅನೇಕ ಚಾಕುಗಳಲ್ಲಿರುವ 1095 ಬಹಳ ಸರಳ ಉಕ್ಕು. ಸುಮಾರು 0.95 ಶೇಕಡಾ ಇಂಗಾಲ, ಚೂರು ಮ್ಯಾಂಗನೀಸ್. ತುಕ್ಕು ತಡೆಯುವಂಥದ್ದು ಏನೂ ಇಲ್ಲ. ಮೋರಾದ ಸ್ಟೇನ್‌ಲೆಸ್ ಸ್ವೀಡನ್ನಿನದೇ 12ಸಿ27. ಅದರಲ್ಲಿ ಕಣಗಳು ಸಣ್ಣ, ಹೀಗಾಗಿ ಬಾಯಿ ತೆಳ್ಳಗೆ ಹರಿತವಾಗುತ್ತದೆ. ದುಬಾರಿ ಸಾಲಿನಲ್ಲಿ ಅಮೆರಿಕದ ಕ್ರೂಸಿಬಲ್ ಕಂಪನಿ ರೂಪಿಸಿದ ಎಸ್30ವಿ ನಿಂತಿದೆ: 14 ಶೇಕಡಾ ಕ್ರೋಮಿಯಂ, 4 ಶೇಕಡಾ ವೆನೇಡಿಯಂ. ಇಂಥದ್ದನ್ನು ಎಂದಿನಂತೆ ಎರಕ ಹೊಯ್ದರೆ ಕಣಗಳು ದಪ್ಪಗಾಗಿ ಉಕ್ಕು ಪೆಡಸಾಗುತ್ತದೆ. ಅದಕ್ಕೆ ಕರಗಿದ ಉಕ್ಕನ್ನು ಅನಿಲದ ರಭಸಕ್ಕೆ ಸಿಲುಕಿಸಿ ಪುಡಿ ಮಾಡಿ, ಆ ಪುಡಿಯನ್ನು ಶಾಖ ಮತ್ತು ಒತ್ತಡದಲ್ಲಿ ಮತ್ತೆ ಗಟ್ಟಿ ಮಾಡುತ್ತಾರೆ. 2021ರಲ್ಲಿ ಲೋಹವಿಜ್ಞಾನಿ ಲ್ಯಾರಿನ್ ಥಾಮಸ್ ರೂಪಿಸಿದ ಮ್ಯಾಗ್ನಾಕಟ್ ಈ ದಾರಿಯಲ್ಲಿ ಒಂದು ಜಾಣ ಹೆಜ್ಜೆ. ಕ್ರೋಮಿಯಂ ಅನ್ನು ಹದವಾಗಿ ಇಳಿಸಿ, ಅದು ಕಾರ್ಬೈಡ್ ಆಗಿ ಕಳೆದುಹೋಗದೆ ತುಕ್ಕು ತಡೆಯುವ ಕೆಲಸಕ್ಕೇ ಉಳಿಯುವಂತೆ ಮಾಡಿದ. ನಾಲ್ಕು ಬೇಡಿಕೆಗೂ ಹತ್ತಿರ ಬರುವ ಉಕ್ಕು ಯಾವುದೆಂದು ಕೇಳಿದರೆ ಇಂದು ಹಲವರು ಇದರ ಹೆಸರನ್ನೇ ಹೇಳುತ್ತಾರೆ.

ಅಂದರೆ ಆ 380 ಡಾಲರಿನಲ್ಲಿ ಒಂದಿಷ್ಟು ವಿಜ್ಞಾನ ಇದೆ. ಒಂದಿಷ್ಟೇ. ನಾಲ್ಕಿಂಚಿನ ಅಲಗಿಗೆ ಎಷ್ಟು ಉಕ್ಕು ಬೇಕು? ಪುಡಿಲೋಹದ ಉಕ್ಕಿನ ದುಬಾರಿತನ ಹೆಚ್ಚಾಗಿ ಅದನ್ನು ಮಸೆಯುವುದರಲ್ಲಿದೆ. ಅದು ಯಂತ್ರದ ಪಟ್ಟಿಗಳನ್ನು ತಿಂದುಹಾಕುತ್ತದೆ, ಗಂಟೆಗಟ್ಟಲೆ ಕೂಲಿ ಬೇಡುತ್ತದೆ. ಉಳಿದದ್ದು ಅಮೆರಿಕದ ಸಂಬಳ, ಹಿಡಿಯ ಅಲಂಕಾರ, ಅಂಗಡಿಯ ಲಾಭ, ಮತ್ತೆ ವಾರಂಟಿ. ಇಎಸ್‌ಇಇ ಕಂಪನಿಯದು ಹೆಸರಾಂತ ವಾರಂಟಿ: ನೀವು ಎಷ್ಟನೆಯ ಮಾಲೀಕರಾದರೂ, ಹೇಗೆ ಮುರಿದಿದ್ದರೂ ಬದಲಿ ಕೊಡುತ್ತಾರೆ. ಅಮೆರಿಕದಲ್ಲಿ ಕೂತವನಿಗೆ ಇದು ದೊಡ್ಡ ಮಾತು. ಶಿರಸಿಯಲ್ಲೋ ಸಕಲೇಶಪುರದಲ್ಲೋ ಕೂತು ಮುರಿದ ಚಾಕುವನ್ನು ಸಾಗರದಾಚೆ ಕಳಿಸಿ, ಬದಲಿಗೆ ಬಂದದ್ದನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಳ್ಳುವ ಹೊತ್ತಿಗೆ ಇನ್ನೊಂದು ಚಾಕುವೇ ಬಂದೀತು.

ಈ ಗುಣಗಳನ್ನು ಅಳೆಯುವ ಯಂತ್ರವೂ ಇದೆ. ಇಂಗ್ಲೆಂಡಿನ ಶೆಫೀಲ್ಡ್‌ನ ಕ್ಯಾಟ್ರಾ ಸಂಸ್ಥೆಯ ಯಂತ್ರ, ಮರಳಿನ ಕಣ ಬೆರೆಸಿದ ರಟ್ಟಿನ ಕಟ್ಟಿನ ಮೇಲೆ ಅಲಗನ್ನು ಹಿಂದೆ ಮುಂದೆ ಎಳೆದು, ಒಟ್ಟು ಎಷ್ಟು ರಟ್ಟು ಕೊಯ್ದಿತೆಂದು ಲೆಕ್ಕ ಹಾಕುತ್ತದೆ. ವೆನೇಡಿಯಂ ತುಂಬಿದ ಉಕ್ಕುಗಳು ಇಲ್ಲಿ ಸರಳ ಉಕ್ಕುಗಳನ್ನು ಸ್ಪಷ್ಟವಾಗಿ ಹಿಂದೆ ಹಾಕುತ್ತವೆ, ಆದರೆ ಬೆಲೆಯಷ್ಟು ಪಟ್ಟು ಅಲ್ಲ. ಇನ್ನೊಂದು ಸಂಗತಿ ಜಾಹೀರಾತಿನಲ್ಲಿ ಕಾಣುವುದಿಲ್ಲ: ಬಾಯಿಯ ಕೋನವನ್ನು ಕಿರಿದು ಮಾಡಿದರೆ ಉಕ್ಕು ಬದಲಿಸಿದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಫಲ ಸಿಗುತ್ತದೆ. ತೆಳ್ಳಗೆ ಮಸೆದ ಅಗ್ಗದ ಅಲಗು ದಪ್ಪಬಾಯಿಯ ದುಬಾರಿ ಅಲಗಿಗಿಂತ ಹೆಚ್ಚು ಹೊತ್ತು ಕೊಯ್ಯಬಲ್ಲದು. ಕೋನಕ್ಕೆ ದುಡ್ಡು ಬೀಳುವುದಿಲ್ಲ.

ಕೋನಕ್ಕಿಂತಲೂ ಮೊದಲು ಹದ. ಉಕ್ಕನ್ನು ಎಷ್ಟು ಕಾಯಿಸಬೇಕು, ಯಾವಾಗ ಅದ್ದಬೇಕು, ಆಮೇಲೆ ಎಷ್ಟು ಶಾಖದಲ್ಲಿ ಪೆಡಸು ಇಳಿಸಬೇಕು ಎಂಬುದು ತಪ್ಪಿದರೆ ಹೆಸರುವಾಸಿ ಉಕ್ಕೂ ಗುಜರಿಗೆ. ಇದಕ್ಕೆ ನಮ್ಮ ನೆಲದ್ದೇ ಸಾಕ್ಷಿ ಇದೆ. ಮೈಸೂರು ಸೀಮೆಯಲ್ಲಿ ಮೂಸೆಯೊಳಗೆ ಕರಗಿಸಿ ಮಾಡುತ್ತಿದ್ದ ಉಕ್ಕನ್ನು ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಬುಕಾನನ್ 1800ರ ಪ್ರವಾಸದಲ್ಲಿ ನೋಡಿ ಬರೆದುಕೊಂಡ. ‘ವೂಟ್ಸ್’ ಎಂದು ಯೂರೋಪಿಗೆ ಗೊತ್ತಿದ್ದ ಇಂಥ ಭಾರತೀಯ ಉಕ್ಕಿನ ಮಾದರಿ ಅದಕ್ಕೂ ಮೊದಲೇ, 1790ರ ದಶಕದಲ್ಲಿ, ಮುಂಬೈಯಿಂದ ಲಂಡನ್ನಿನ ರಾಯಲ್ ಸೊಸೈಟಿ ತಲುಪಿತ್ತು. ಅಲ್ಲಿನ ಕಮ್ಮಾರರು ತಮ್ಮ ಉಕ್ಕಿನ ಅಭ್ಯಾಸದಲ್ಲೇ ಅದನ್ನು ವಿಪರೀತ ಕಾಯಿಸಿ ಬಡಿದರು. ಇಂಗಾಲ ಹೆಚ್ಚಿದ್ದ ಉಕ್ಕು ಸುತ್ತಿಗೆಯ ಕೆಳಗೆ ಪುಡಿಯಾಯಿತು. ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕ ಮಾತ್ರ ಅದರ ಹದ ಹಿಡಿದು, ಅದರಿಂದ ನಾಜೂಕಾದ ಅಲಗು ಮಾಡಿ ಮಾರಿದ. ಮುಂದೆ ಮೈಕೆಲ್ ಫ್ಯಾರಡೆ ಜೊತೆ ಸೇರಿ ಅದೇ ಉಕ್ಕಿನ ಗುಟ್ಟು ಹುಡುಕಿದವನೂ ಇವನೇ. ಉಕ್ಕು ಒಂದೇ, ಕೈ ಬೇರೆ.

ಕಾಡಿನಲ್ಲಿ ಚಾಕು ಕೈಕೊಡುವುದು ಹೇಗೆ? ಮುರಿದು ಅಲ್ಲ, ಬಹುತೇಕ ಮೊಂಡಾಗಿ. ಇಲ್ಲಿ ದುಬಾರಿ ಉಕ್ಕಿನ ಗುಣವೇ ಅದಕ್ಕೆ ತಿರುಗಿ ಬೀಳುತ್ತದೆ. ವೆನೇಡಿಯಂ ಕಾರ್ಬೈಡ್ ಮಾಮೂಲಿ ಸಾಣೆಕಲ್ಲಿನ ಅಲ್ಯೂಮಿನಿಯಂ ಆಕ್ಸೈಡ್‌ಗಿಂತ ಗಡಸು. ಕಲ್ಲು ಸುತ್ತಲಿನ ಉಕ್ಕನ್ನು ಸವೆಸುತ್ತದೆ, ಆ ಕಣವನ್ನು ಕತ್ತರಿಸಲು ಒದ್ದಾಡುತ್ತದೆ. ವಜ್ರದ ಪುಡಿ ಕೂರಿಸಿದ ಫಲಕವೇ ಬೇಕು. ಫಲಕ ಮನೆಯಲ್ಲಿ ಉಳಿದಿದ್ದರೆ ಹೊಳೆಯ ದಂಡೆಯ ನುಣುಪು ಕಲ್ಲಿಗೆ ಉಜ್ಜಿ ಪ್ರಯೋಜನ ಕಡಿಮೆ. 1095ಕ್ಕೋ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಕತ್ತಿಗೋ ಅದೇ ಹೊಳೆಗಲ್ಲು ಬಾಯಿ ತರುತ್ತದೆ. ಆಲ್ಪ್ಸ್ ಹಿಮದಲ್ಲಿ 1991ರಲ್ಲಿ ಸಿಕ್ಕ, 5,000 ವರ್ಷಕ್ಕೂ ಹಳೆಯ ‘ಓಟ್ಸಿ’ಯ ದೇಹದ ಜೊತೆ ಆ್ಯಶ್ ಮರದ ಹಿಡಿಯ, ಕಲ್ಲಿನ ಅಲಗಿನ ಪುಟ್ಟ ಚಾಕು ಇತ್ತು. ಅದರ ಜೊತೆಗೇ ಇದ್ದ ಇನ್ನೊಂದು ಸಾಧನ ನನಗೆ ಚಾಕುವಿಗಿಂತ ದೊಡ್ಡದಾಗಿ ಕಾಣುತ್ತದೆ: ಮರದ ಕಡ್ಡಿಯ ತುದಿಗೆ ಜಿಂಕೆಗೊಂಬಿನ ಮೊನೆ ಕೂರಿಸಿ ಮಾಡಿದ, ಕಲ್ಲಿನ ಬಾಯಿಯನ್ನು ಮತ್ತೆ ಹರಿತ ಮಾಡುವ ಸಾಧನ.

ಈ ಚರ್ಚೆಯಲ್ಲಿ ಆರನ್ ರಾಲ್ಸ್ಟನ್ ಹೆಸರು ಬಂದೇ ಬರುತ್ತದೆ. 2003ರ ಏಪ್ರಿಲ್ 26ರಂದು ಅಮೆರಿಕದ ಯೂಟಾದ ಕಣಿವೆಯೊಂದರಲ್ಲಿ ಬಂಡೆ ಉರುಳಿ ಅವನ ಬಲಗೈ ಸಿಕ್ಕಿಕೊಂಡಿತು. ಎ.ಆರ್. ರೆಹಮಾನ್ ಸಂಗೀತದ ‘127 ಅವರ್ಸ್’ ನೋಡಿದವರಿಗೆ ಮುಂದಿನದು ಗೊತ್ತು. ಅವನ ಬಳಿ ಇದ್ದದ್ದು ಟಾರ್ಚಿನ ಜೊತೆ ಪುಕ್ಕಟೆ ಬಂದಿದ್ದ ಬಹೂಪಯೋಗಿ ಚಾಕು. ಬಂಡೆಯನ್ನೇ ಕೆತ್ತಲು ಹೋಗಿ ಬಾಯಿ ಮೊಂಡಾಗಿತ್ತು. ಎಲುಬು ಕೊಯ್ಯಲಾಗದೆ, ಕೈಯನ್ನು ಬಂಡೆಗೆ ಒತ್ತಿ ತಿರುಚಿ ಎಲುಬು ಮುರಿದುಕೊಂಡು, ಉಳಿದದ್ದನ್ನು ಆ ಮೊಂಡು ಅಲಗಿನಿಂದಲೇ ಕೊಯ್ದು ಹೊರಬಂದ. ‘ನೋಡಿ, ಒಳ್ಳೆಯ ಚಾಕು ಇದ್ದಿದ್ದರೆ!’ ಎಂದು ಮಾರಾಟಗಾರರು ಹೇಳುವುದುಂಟು. ಹರಿತವಾದ ಚಾಕು ಇದ್ದಿದ್ದರೆ ನೋವು ಕಡಿಮೆಯಾಗುತ್ತಿತ್ತು, ಒಪ್ಪೋಣ. ಆದರೆ ಮರಳುಗಲ್ಲಿಗೆ ಉಜ್ಜಿದರೆ 400 ಡಾಲರಿನ ಬಾಯಿಯೂ ಹೋಗುತ್ತದೆ. ಅವನನ್ನು ಐದು ದಿನ ಅಲ್ಲಿ ಕೂರಿಸಿದ್ದು ಬಂಡೆ ಮತ್ತು ಇನ್ನೊಂದು ಸಂಗತಿ: ಎಲ್ಲಿಗೆ ಹೋಗುತ್ತಿದ್ದೇನೆಂದು ಅವನು ಯಾರಿಗೂ ಹೇಳಿರಲಿಲ್ಲ.

ಇಷ್ಟೆಲ್ಲ ಚಳಿಕಾಡಿನ ಮಾತಾಯಿತು. ಉಷ್ಣವಲಯದಲ್ಲಿ ಪ್ರಶ್ನೆಯೇ ಬೇರೆ. ಇಲ್ಲಿ ಮೊದಲ ಶತ್ರು ಕಟ್ಟಿಗೆಯಲ್ಲ. ಬಳ್ಳಿ, ಬಿದಿರು, ಮುಳ್ಳುಪೊದೆ. ಬ್ರೆಜಿಲ್‌ನ ಹಳ್ಳಿಗರ ಕೈಯಲ್ಲಿ ಕಾಣುವುದು ಟ್ರಾಮೊಂಟಿನಾ ಕಂಪನಿಯ ಅಗ್ಗದ, ಉದ್ದದ, ತೆಳು ಮಚ್ಚು. ನೇಪಾಳದ ಕಮ್ಮಾರ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಬಡಿದು ಖುಕ್ರಿ ಮಾಡಿ, ಕೆಂಪಗೆ ಕಾದ ಅಲಗಿನ ಬಾಯಿಗೆ ಮಾತ್ರ ಕೆಟಲಿನಿಂದ ನೀರು ಸುರಿಯುತ್ತಾನೆ; ಬಾಯಿ ಗಡಸಾಗುತ್ತದೆ, ಬೆನ್ನು ಏಟು ತಡೆಯುವಷ್ಟು ಮೆತ್ತಗೆ ಉಳಿಯುತ್ತದೆ. ನಮ್ಮ ಮಲೆನಾಡಿನ ಕುಲುಮೆಗಳಲ್ಲೂ ಲಾರಿ ಪಟ್ಟಿಯೇ ಕತ್ತಿಯಾಗುವುದು. ತೋಟಕ್ಕೆ ಹೊರಟವನ ಸೊಂಟದ ಹಿಂದೆ ಕೊಕ್ಕೆಗೆ ತೂಗಿಸಿಕೊಂಡ ಆ ಕತ್ತಿ ಎಳನೀರು ಕೆತ್ತುತ್ತದೆ, ಸೊಪ್ಪು ಕಡಿಯುತ್ತದೆ, ಬೇಲಿಗೂಟ ಚೂಪು ಮಾಡುತ್ತದೆ, ಬಿದ್ದ ಕೊಂಬೆ ಸವರಿ ದಾರಿ ಬಿಡಿಸುತ್ತದೆ. ಮಳೆಗಾಲದ ಘಟ್ಟದಲ್ಲಿ ಒಂದು ರಾತ್ರಿ ಕಳೆಯಬೇಕಾಗಿ ಬಂದು, ಗಾಜಿನ ಪೆಟ್ಟಿಗೆಯ ಚಾಕು ಮತ್ತು ಈ ಕತ್ತಿಯ ನಡುವೆ ಆರಿಸಿಕೋ ಎಂದರೆ ನಾನು ಕತ್ತಿಯನ್ನೇ ಎತ್ತಿಕೊಳ್ಳುತ್ತೇನೆ. ಮೊಂಡಾದರೆ ಮಸೆಯಬಹುದು, ಹಿಡಿ ಸಡಿಲವಾದರೆ ಊರಿನ ಕಮ್ಮಾರನೇ ಕೂರಿಸಿಕೊಡುತ್ತಾನೆ.

ತುಕ್ಕಿನ ಮಾತು ಇಲ್ಲೇ ಹೇಳಿಬಿಡಬೇಕು. ಕರಾವಳಿ, ಮಲೆನಾಡಿನಲ್ಲಿ ಜೂನ್ ನಂತರ 1095ರ ಅಲಗು ರಾತ್ರಿ ಬೆಳಗಾಗುವುದರಲ್ಲಿ ಕಂದು ಚುಕ್ಕೆ ಕಾಣಿಸುತ್ತದೆ. ದಿನಾ ತೆಂಗಿನೆಣ್ಣೆ ಒರೆಸುವ ಶಿಸ್ತಿಲ್ಲದವರು ಸ್ಟೇನ್‌ಲೆಸ್ ಕೊಳ್ಳುವುದೇ ಲೇಸು. ದುಬಾರಿ ಚಾಕುವಿನ ಜೊತೆ ಹೆಮ್ಮೆಯಿಂದ ಕೊಡುವ ಚರ್ಮದ ಒರೆ ಇನ್ನೂ ತಾಪತ್ರಯ: ನೀರು ಹೀರಿ, ಬೂಷ್ಟು ಹಿಡಿದು, ಆ ತೇವವನ್ನು ಅಲಗಿಗೇ ಒತ್ತಿ ಹಿಡಿಯುತ್ತದೆ. ನಗೆಪಾಟಲಿಗೀಡಾದ ಮೋರಾದ ಪ್ಲಾಸ್ಟಿಕ್ ಒರೆಯಲ್ಲಿ ನೀರು ಕೆಳಗಿನ ತೂತಿನಿಂದ ಇಳಿದುಹೋಗುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ಬಹಳವಿಲ್ಲ. ಉಕ್ಕಿನ ಹೆಸರು ಹೇಳದೆ ಬರೀ ‘ಸ್ಟೇನ್‌ಲೆಸ್ ಸ್ಟೀಲ್’ ಎಂದು ಬರೆದ ಚಾಕುವನ್ನು ಬಿಡಿ. ಟೊಳ್ಳು ಹಿಡಿ, ಬೆನ್ನಿನ ಗರಗಸ, ಎರಡೂ ಕಡೆ ಬಾಯಿ ಇರುವುದನ್ನೂ ಬಿಡಿ. ಅಲೆಅಲೆಯ ‘ಡಮಾಸ್ಕಸ್’ ಚಿತ್ತಾರ ಆನ್‌ಲೈನಿನ ಅಗ್ಗದ ಮಾಲಿನಲ್ಲಿ ಎಷ್ಟೋ ಸಲ ಬರೀ ಮೇಲ್ಮೈಗೆ ಕೊರೆದ ಚಿತ್ರ. ಅಲಗು 4ರಿಂದ 5 ಇಂಚು, ದಪ್ಪ 3 ಮಿಲಿಮೀಟರಿನ ಆಸುಪಾಸು. ಬೆವರಿದ ಕೈ ಜಾರಿ ಬಾಯಿಯ ಮೇಲೆ ಹೋಗದಂತೆ ಹಿಡಿಗೆ ತಡೆ ಇರಬೇಕು. ಇಷ್ಟಕ್ಕೆ 20 ಡಾಲರ್ ಸಾಕು. ಉಳಿದ ದುಡ್ಡಿನಲ್ಲಿ ಒಂದು ಸಾಣೆಕಲ್ಲು, ಒಂದು ಟಾರ್ಚು, ಒಂದು ಸೀಟಿ. ಸಮುದ್ರದ ಉಪ್ಪುನೀರಿನಲ್ಲಿ ದುಡಿಯುವವರು, ತಿಂಗಳುಗಟ್ಟಲೆ ಊರು ಕಾಣದ ಕಡೆ ಇರುವವರು, ದಿನವಿಡೀ ಕೊಯ್ದು ಸಂಜೆ ಮಸೆಯಲು ಬಿಡುವಿಲ್ಲದವರು ಹೆಚ್ಚು ಕೊಟ್ಟರೆ ಅವರಿಗೆ ಅದು ದಂಡವಲ್ಲ.

ಕಾನೂನಿನ ಕಡೆಗೂ ಒಂದು ಕಣ್ಣಿರಲಿ. ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಮನೆಗೆಲಸಕ್ಕೆ, ಬೇಸಾಯಕ್ಕೆ ಮಾಡಿದವು ಅದರಿಂದ ಹೊರಗೆ. ಚಾಕು ಮಾರುವವರು ಹೇಳದ ಮಾತೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯದು. ಅದರ ವ್ಯಾಖ್ಯೆಯಲ್ಲಿ ಬಂದೂಕು, ಬಿಲ್ಲು, ಬಲೆಗಳ ಸಾಲಿನಲ್ಲೇ ಚಾಕುವೂ ಆಯುಧ. 31ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಅಭಯಾರಣ್ಯಕ್ಕೆ ಆಯುಧ ಒಯ್ಯುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ಅನ್ವಯ. ಬೆಂಗಳೂರಿನ ಚಾರಣಿಗರು ವಾರಾಂತ್ಯಕ್ಕೆ ಬಸ್ಸು ಹತ್ತುವ ಕುಮಾರಪರ್ವತ ಇರುವುದು ಪುಷ್ಪಗಿರಿ ಅಭಯಾರಣ್ಯದಲ್ಲಿ, ಕುದುರೆಮುಖ ಇರುವುದು ಅದೇ ಹೆಸರಿನ ರಾಷ್ಟ್ರೀಯ ಉದ್ಯಾನದಲ್ಲಿ. 2020ರಲ್ಲಿ ಟೀವಿಯ ಕಾಡುಸಾಹಸಿ ಬೇರ್ ಗ್ರಿಲ್ಸ್ ನಟ ರಜನೀಕಾಂತ್‌ರನ್ನು ಕರೆದುಕೊಂಡು ಬಂಡೀಪುರದಲ್ಲಿ ಚಿತ್ರೀಕರಣ ನಡೆಸಿದ್ದು ಅರಣ್ಯ ಇಲಾಖೆಯ ಅನುಮತಿ ಪಡೆದು. ಟೀವಿಯಲ್ಲಿ ಆ ಕಾಗದಪತ್ರ ಕಾಣುವುದಿಲ್ಲ.

ದುಬಾರಿ ಚಾಕು ಕೊಳ್ಳುವವರಲ್ಲಿ ಉಳಿದವರು ಸಂಗ್ರಹಕಾರರು. ಹಿಡಿಯ ಮರದ ಎಳೆ, ಅಲಗಿನ ಮೈಯ ನುಣುಪು, ಒಬ್ಬ ಕುಶಲಕರ್ಮಿಯ ಕೈಗುರುತು ನೋಡಿ ಮರುಳಾಗುವವರು. ಕೊಡಗಿನ ಮನೆಯಲ್ಲಿ ಬೆಳ್ಳಿ ಕೆತ್ತನೆಯ ಪೀಚೆಕತ್ತಿಯನ್ನು ಯಾರೂ ಸವೆತದ ಅಂಕಿ ನೋಡಿ ಇಟ್ಟುಕೊಂಡಿಲ್ಲ. 400 ಡಾಲರಿನ ಚಾಕುವನ್ನೂ ಚೆಂದಕ್ಕೆ ಕೊಂಡರೆ ತಕರಾರಿಲ್ಲ; ಮನೆಯಲ್ಲಿ ಲೆಕ್ಕ ಕೇಳಿದಾಗ ‘ಪ್ರಾಣ ಉಳಿಸಲು’ ಎನ್ನದಿದ್ದರೆ ಆಯಿತು.